ಬಾಗಿಲಾಚೆಯ ಕಾಂಪೌಂಡರ್

ಮಾವ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ಎಂಥ ಪುಂಡ ಹೋರಿಯಾದರೂ ಅವರ ಸೂಜಿ ಗುರಿ ತಪ್ಪಿದ್ದಿಲ್ಲ. ಅಂಥವರ ಮಗ ಸಿರಿಂಜು ಕಂಡರೇ ಬೆವರುವ ಲಾರಿ ಡ್ರೈವರು. ಆದರೂ ಸೊಸೆಗೆ ದಿನಾ ಸಂಜೆ ಇಂಜೆಕ್ಷನ್ ಕೊಡುವ ಕೆಲಸ ಮಗನದೇ. ಚುಚ್ಚಬೇಕಾದದ್ದು ಸೊಂಟದ ಕೆಳಗೆ. ಮಾವನ ಕೈಲಿ ಅದು ಆಗುವ ಮಾತಲ್ಲ.

ಹೋದ ಸಲ ಬಸಿರು ನಿಂತಿರಲಿಲ್ಲ. ಈ ಸಲ ನಿಲ್ಲಲೆಂದು ಡಾಕ್ಟರು ಪ್ರೊಜೆಸ್ಟರಾನ್ ಬರೆದಿದ್ದರು. ಎಣ್ಣೆಯಂಥ ಮದ್ದು, ಬಾಟಲಿಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳಬೇಕು, ಇವತ್ತು ಎಡಕ್ಕೆ ಕೊಟ್ಟರೆ ನಾಳೆ ಬಲಕ್ಕೆ, ಸೂಜಿ ಪ್ರತಿಸಲ ಹೊಸದು ಎಂದು ಊರಿನ ಆಸ್ಪತ್ರೆಯ ನರ್ಸಮ್ಮ ಸೊಸೆಯ ಗಂಡನಿಗೆ ಕಲಿಸಿದ್ದರು. ಮಾವ ಬಾಗಿಲಾಚೆ ಕುರ್ಚಿ ಹಾಕಿಕೊಂಡು ಮಗನಿಗೆ ಧೈರ್ಯ ಹೇಳುತ್ತಿದ್ದರು. ಒಮ್ಮೆ ಹಳೇ ರೂಢಿಯಲ್ಲಿ "ಬಾಲ ಗಟ್ಟಿಯಾಗಿ ಹಿಡ್ಕೋ" ಎಂದುಬಿಟ್ಟರು. ಸೊಸೆಯ ನಗು ನಿಲ್ಲುವ ತನಕ ಗಂಡ ಸಿರಿಂಜು ಹಿಡಿದು ಕಾಯಬೇಕಾಯಿತು.

ಒಂದು ಸಂಜೆ ಲಾರಿ ದಾರಿಯಲ್ಲೇ ಕೆಟ್ಟು ನಿಂತಿತು. ಈಗ ಬಂದಾನು, ಆಗ ಬಂದಾನು ಎಂದು ಕಾಯುವಷ್ಟರಲ್ಲಿ ಆಸ್ಪತ್ರೆಯೂ ಮುಚ್ಚಿತು. ಮಾವ ಸೊಸೆಯ ಕೋಣೆಯ ತನಕ ಬಂದರು, ಕೆಮ್ಮಿದರು, ಹಿಂದೆ ಹೋದರು. ಕರೆಯಲು ಅವಳಿಗೂ ಬಾಯಿ ಬರಲಿಲ್ಲ. ಇಂಜೆಕ್ಷನ್ ತಪ್ಪಿಹೋಯಿತು.

ಮಾರನೆಯ ದಿನ ಗಂಡ ಮುಖ ಸಣ್ಣದು ಮಾಡಿಕೊಂಡು ಬಂದವನೇ, ನಿನ್ನೆಯದನ್ನೂ ಸೇರಿಸಿ ಕೊಟ್ಟುಬಿಡೋಣ ಎಂದು ಎರಡು ಬಾಟಲಿ ಕೈಗೆತ್ತಿಕೊಂಡ. ಬಾಗಿಲಾಚೆಯಿಂದ ಮಾವನೂ ಹೂಂಗುಟ್ಟಿದರು. ಸೊಸೆ ಒಪ್ಪಲಿಲ್ಲ.

"ಕೇಳದೆ ಒಂದು ಹನಿನೂ ಜಾಸ್ತಿ ಬೇಡ" ಎಂದು ಆಸ್ಪತ್ರೆಗೆ ಫೋನು ಮಾಡಿದಳು. ಎರಡು ಒಟ್ಟಿಗೆ ಕೊಡಲೇಬೇಡಿ, ಇವತ್ತಿನದಷ್ಟೇ ಕೊಡಿ, ರಕ್ತ ಕಂಡರೆ ತಕ್ಷಣ ಬನ್ನಿ, ಇಲ್ಲದಿದ್ದರೆ ಬೆಳಿಗ್ಗೆ ಬಂದು ತೋರಿಸಿ ಎಂದರು ಡಾಕ್ಟರು. ಅಂದು ಮನೆಯಲ್ಲಿ ಯಾರಿಗೂ ಊಟ ರುಚಿಸಲಿಲ್ಲ.

ಬೆಳಿಗ್ಗೆ ಸ್ಕ್ಯಾನಿಂಗ್ ಕೋಣೆಯಲ್ಲಿ ಅವಳಿಗೆ ಕಣ್ಣು ತೆರೆಯಲೇ ಭಯ. ಆಗ ಡಬಡಬ ಎಂದು ಪುಟ್ಟ ಎದೆ ಬಡಿದುಕೊಳ್ಳುವ ಸದ್ದು ಕೇಳಿಸಿತು. ಗಂಡ ಮಗುವಿನಂತೆ ಅತ್ತ. ಮಾವ ಯಥಾಪ್ರಕಾರ ಬಾಗಿಲಾಚೆಯೇ ನಿಂತಿದ್ದರು.

ನರ್ಸಮ್ಮ ಮುಂದಿನ ವಾರದ ಮದ್ದು ಕೊಡುತ್ತಾ, ಡ್ರೈವರು ದೂರ ಹೋದ ದಿನ ಚುಚ್ಚುವವರು ಯಾರು ಎಂದು ಕೇಳಿದರು. ಗಂಡ ಬಾಗಿಲ ಕಡೆ ನೋಡಿದ. ಸೊಸೆಯೇ ಬಾಗಿಲು ತೆರೆದಳು.

"ಒಳಗೆ ಬನ್ನಿ ಮಾವ. ನಂಗೆ ಮಗು ಬೇಕು. ನಾಚಿಕೆ ಇಟ್ಕೊಂಡು ಏನು ಮಾಡ್ಲಿ?"

ಮಾವ ಬಂದರು. ಕಣ್ಣೊರೆಸಿಕೊಂಡು, ಅಂಗಿಯ ತೋಳು ಮಡಚಿ, ನರ್ಸಮ್ಮನ ಮುಂದೆ ಕೈಕಟ್ಟಿ ನಿಂತರು.

"ಮನುಷ್ಯರಿಗೆ ಹೇಗೆ ಅಂತ ಮೊದ್ಲಿಂದ ಹೇಳ್ಕೊಡಮ್ಮ."