ಹೆಪ್ಪುಗಟ್ಟಿದ ಸದ್ದು

ಇವತ್ತು ಮಂಜುಗಡ್ಡೆಯಲ್ಲಿ ನೀಲಿ ಜಾಸ್ತಿ, ನಿನ್ನೆ ಇಷ್ಟಿರಲಿಲ್ಲ, ಬಿಸಿಲು ಓರೆಯಾಗಿ ಬಿದ್ದರೆ ಹೀಗೇ, ಒಳಗೆ ಯಾರೋ ದೀಪ ಹಚ್ಚಿಟ್ಟ ಹಾಗೆ — ಚೊರೊಲ್ ಬೆನ್ನಿನ ಬುಟ್ಟಿ ಇಳಿಸಿ ಕೊಡಲಿ ತೆಗೆದಳು, ಕೈಗವಸಿನ ಹೆಬ್ಬೆರಳು ಮತ್ತೆ ಹರಿದಿದೆ, ಹೊಲಿಯಬೇಕು, ತೊರೆ ತಳದವರೆಗೂ ಗಟ್ಟಿಯಾದ ಮೇಲೆ ಚಹಾಕ್ಕೂ ತುಕ್ಪಾ ಗಂಜಿಗೂ ಈ ಜಲಪಾತವನ್ನೇ ಕಡಿದು ಕರಗಿಸಬೇಕು, ಮದುವೆಯಾಗಿ ಬಂದ ಚಳಿಗಾಲ ಇದನ್ನು ನೋಡಿ ಕೊಡಲಿ ಎತ್ತಲಾರದೆ ನಿಂತುಬಿಟ್ಟಿದ್ದಳು, ಬಂಡೆಯ ನೆತ್ತಿಯಿಂದ ಯಾರೋ ನೇಯಲೆಂದು ಎಳೆ ಇಳಿಬಿಟ್ಟು ಮರೆತುಹೋದಂತಿತ್ತು, ಒಂದೊಂದು ಎಳೆಯೂ ತೊಡೆಗಾತ್ರ, ಹ್ಯಾಗೆ ಕಡೀಲಿ ಅತ್ತೆ, ಮನಸ್ಸೇ ಬರಲ್ಲ, ಅತ್ತೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕಿದ್ದರು, ನೋಡ್ಕೊಂಡು ನಿಂತ್ರೆ ಚಹಾ ಆಗುತ್ತೇನೇ ಹುಡುಗಿ, ಹೊಡಿ. ಹೊಡೆದಳು, ಅಂದಿನಿಂದ ಪ್ರತಿ ಚಳಿಗಾಲವೂ ಹೊಡೆಯುತ್ತಾಳೆ, ಆದರೂ ಮೊದಲ ಏಟಿಗೆ ಮುಂಚೆ ಒಮ್ಮೆ ಕತ್ತೆತ್ತಿ ನೋಡುತ್ತಾಳೆ, ಅತ್ತೆ ಈಗಿಲ್ಲ, ಬೈಯುವವರಿಲ್ಲ.

ಬೇಸಿಗೆಯಲ್ಲಿ ಇದರ ಆರ್ಭಟವೇನು, ಒಲೆಯ ಪಕ್ಕ ಕೂತವರೂ ಕೂಗಿಯೇ ಮಾತಾಡಬೇಕು, ಉಪ್ಪು ಕೊಡು ಅಂದರೆ ಸೊಪ್ಪು ಕೊಡುವ ಮನೆ, ಊರವರಿಗೆ ತಮಾಷೆ, ಅವ್ರ ಮನೇಲಿ ಮುದ್ದು ಮಾಡಿದ್ರೂ ಜಗಳ ಆಡಿದ ಹಾಗೇ ಕೇಳುತ್ತೆ ಬಿಡಿ — ಈಗ ನೀರಿನ ಸದ್ದಿಲ್ಲ, ಮಾತೂ ಇಲ್ಲ, ಸುಗ್ಗಿಯಿಂದೀಚೆ ಗಂಡನ ಮುಂದೆ ಚಹಾ ಬಟ್ಟಲು ಇಡುತ್ತಾಳೆ, ನವಾಂಗ್ ಕುಡಿಯುತ್ತಾನೆ, ಅಷ್ಟೇ. ಬಾರ್ಲಿ ಕೊಯ್ಲಿನ ದಿನ ತವರಿನಿಂದ ಆಳು ಬಂದಿದ್ದನಂತೆ, ಅಮ್ಮನಿಗೆ ಜಾಸ್ತಿಯಾಗಿದೆ, ಚೊರೊಲ್ ಬಂದ್ಲಾ, ಚೊರೊಲ್ ಬಂದ್ಲಾ ಅಂತಿದಾರೆ, ನವಾಂಗ್ ಮೇಲಿನ ಹೊಲದಲ್ಲಿ ನಿಂತು ಕೇಳಿಸಿಕೊಂಡ, ಅವಳು ಕೆಳಗಿನ ಹೊಲದಲ್ಲಿ ಬಗ್ಗಿ ಕೊಯ್ಯುತ್ತಲೇ ಇದ್ದಳು. ಅದೇ ಆಳು ಮತ್ತೆ ಬಂದಾಗ ಸಾವಿನ ಸುದ್ದಿ ತಂದ, ಅವತ್ತೇ ಹೇಳಿ ಹೋಗಿದ್ನಲ್ಲಕ್ಕಾ, ನೀವ್ಯಾಕೆ ಬರ್ಲಿಲ್ಲ. ನವಾಂಗ್ ನೆಲ ನೋಡುತ್ತ ಹೇಳಿದ್ದ, ನಾನು ಕೂಗಿದೆ ಕಣೇ, ಗಂಟಲು ಹರಿಯೋ ಹಾಗೆ ಕೂಗಿದೆ, ಈ ಹಾಳು ನೀರಿನ ಸದ್ದಲ್ಲಿ ನಿಂಗೆ ಕೇಳಿಸ್ಲಿಲ್ಲ, ನನ್ನ ತಪ್ಪಾ? ಇದ್ದರೂ ಇರಬಹುದು, ಉಪ್ಪು ಸೊಪ್ಪಾಗುವ ಮನೆ, ರಾತ್ರಿ ಮಗ್ಗುಲು ಬದಲಿಸುವಾಗ ಒಂದು ಮನಸ್ಸು ನಂಬುತ್ತದೆ, ಇನ್ನೊಂದು, ಬದು ಇಳಿದು ಬರಲು ಕಾಲಿರಲಿಲ್ಲವೇ ಅನ್ನುತ್ತದೆ — ಕೊಡಲಿ ಎತ್ತಿದಳು, ಚೂರು ಮುಖಕ್ಕೆ ಸಿಡಿಯಿತು, ನಾಲಿಗೆಗೆ ಕಲ್ಲಿನ ರುಚಿ, ಇನ್ನೊಂದೇಟು —

ಚೊರೊಲ್! ಓಡೇ! — ಮೇಲಿನ ದಾರಿಯಿಂದ ಬಂದ ಕೂಗು, ಬಂಡೆಗೆ ಬಡಿದು ಎದುರು ಗುಡ್ಡಕ್ಕೆ ಹೋಗಿ ಮತ್ತೆ ಬಂತು, ಕಾಗೆಗಳು ಎದ್ದವು, ಆಚೆ ದಡದ ನಾಯಿ ಬೊಗಳಿತು, ಯೋಚನೆಗೆ ಮೊದಲೇ ಕಾಲು ಓಡಿತ್ತು, ಮುಗ್ಗರಿಸಿ ಹಿಮದಲ್ಲಿ ಮುಖ ಹೂತಿತ್ತು, ಬೆನ್ನ ಹಿಂದೆ ಬೆಟ್ಟವೇ ಮುರಿದಂಥ ಸದ್ದು, ನೆಲ ನಡುಗಿತು, ಆಮೇಲೆ ಸಣ್ಣ ಸಣ್ಣ ಚೂರುಗಳ ಕಿಣಿಕಿಣಿ. ನವಾಂಗ್ ಜಾರುತ್ತ ಬೀಳುತ್ತ ಇಳಿದು ಬಂದ, ಟೋಪಿಯಿಲ್ಲ, ಏಟಾಯ್ತಾ, ಎಲ್ಲಿ, ಕೈ ತೋರ್ಸು, ಮೇಲಿಂದ ಬಿರುಕು ಕಂಡ್ತು ಕಣೇ, ಮಾತಾಡೇ ಮಾರಾಯ್ತಿ, ಬೈದಾದ್ರೂ ಬೈ. ಅವಳ ಕಿವಿಯಲ್ಲಿ ಆ ಕೂಗು ಇನ್ನೂ ಇದೆ, ಎಂಥ ಕೂಗು, ಬೇಸಿಗೆಯ ನೀರನ್ನೂ ಸೀಳಿಕೊಂಡು ಕೆಳಗಿನ ಹೊಲ ಮುಟ್ಟುವ ಕೂಗು, ಇದನ್ನು ಅವಳು ಹಿಂದೆಂದೂ ಕೇಳಿಲ್ಲ, ಒಮ್ಮೆಯೂ ಇಲ್ಲ. ಈ ಗಂಟಲು ಅವತ್ತೆಲ್ಲಿತ್ತು, ಎಂದು ಕೇಳಿದಳು, ಮೆಲ್ಲಗೇ ಕೇಳಿದಳು, ಸ್ಪಷ್ಟವಾಗಿ ಕೇಳಿಸಿತು. ನವಾಂಗ್ ಅವಳ ಕೈ ಬಿಟ್ಟು ಹಿಮದ ಮೇಲೆ ಕೂತ. ಜೀವ ಉಳಿಸಿದ, ಅಮ್ಮನನ್ನು ತೋರಿಸಲಿಲ್ಲ, ಎರಡನ್ನೂ ಮಾಡಿದ್ದು ಒಂದೇ ಬಾಯಿ, ಮುಂದಕ್ಕೆ ಏನು ಯೋಚಿಸಬೇಕೋ ತಿಳಿಯದು, ಕಣ್ಣು ಅಲ್ಲಿಗೇ ಹೋಗುತ್ತದೆ — ಅವಳು ನಿಂತಿದ್ದ ಜಾಗ, ಅಪ್ಪಚ್ಚಿಯಾದ ಬುಟ್ಟಿ, ಅದರ ನಡುವೆ ನೆಟ್ಟಗೆ ನಾಟಿಕೊಂಡ ಮಂಜುಗಡ್ಡೆಯ ಕಂಬ, ಆಳೆತ್ತರ, ಒಳಗೆ ಒಂದು ಬಿರುಕೂ ಇಲ್ಲ, ನೀಲಿ, ನಾಟಿಕೊಂಡ ಕಂಬ, ನೀಲಿ —