ಕಿಟಕಿ ಕಟ್ಟೆಯ ಎತ್ತರ

ಬಡಗಿಯ ಫೋನು ಬಂದಾಗ ಮಧ್ಯಾಹ್ನ ಎರಡು ಗಂಟೆ. ಅಕ್ಕ ಆಗಷ್ಟೇ ಕುರ್ಚಿಯಲ್ಲಿ ಕೂತಿದ್ದಳು. ನಕ್ಷೆ ಬರೆಯುವ ಆ ಆಫೀಸಿನಲ್ಲಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರಿಗೂ ಅವಳು ಅಕ್ಕನೇ.

"ಅಮ್ಮಾ, ವೃದ್ಧಾಶ್ರಮದ ಕಿಟಕಿ ಕಟ್ಟೆ ಮೂವತ್ತೈದು ಸೆಂಟಿಮೀಟರ್ ಅಂತ ಇದೆಯಲ್ಲ, ಸರೀನಾ? ಅಷ್ಟು ತಗ್ಗಲ್ಲಿ ಕೂತ ಮುದುಕರನ್ನ ಎಬ್ಬಿಸೋಕೆ ಇಬ್ಬರು ಆಳು ಬೇಕು. ನಾಲ್ಕಕ್ಕೆ ಹಲಗೆ ಮಿಷನ್ನಿಗೆ ಹಾಕ್ತೀನಿ. ಕೊಯ್ದ ಮೇಲೆ ಅಂಟಿಸೋಕಾಗಲ್ಲ ನೋಡಿ."

ಆ ಕಟ್ಟೆಯನ್ನು ಕಂಪ್ಯೂಟರಿನಲ್ಲಿ ಮಾಡಿಟ್ಟವರು ಅವಳ ಯಜಮಾನರು, ಆಫೀಸಿನವರೆಲ್ಲರ ಅಣ್ಣ. ಅವಳ ಪಕ್ಕದ ಮೇಜಿನಲ್ಲೇ ಇಪ್ಪತ್ತೆರಡು ವರ್ಷ ಕೆಲಸ ಮಾಡಿ, ಮೂರು ತಿಂಗಳ ಹಿಂದೆ ತೀರಿಕೊಂಡಿದ್ದರು. ಕಟ್ಟೆ ಮೊದಲು ಹುಟ್ಟಿದ್ದು ಒಂದು ಶಾಲೆಗಾಗಿ, ಮಕ್ಕಳ ಕಾಲು ನೆಲ ಮುಟ್ಟಲಿ ಎಂದು. ಕಾಯಿಲೆ ಬಲಿತ ಕೊನೆಯ ವಾರಗಳಲ್ಲಿ ಅದನ್ನೇ ಸಿದ್ಧ ನಮೂನೆಗಳನ್ನು ಕೂಡಿಡುವ ಕಂಪ್ಯೂಟರಿನ ಲೈಬ್ರರಿಯಿಂದ ಎತ್ತಿ ವೃದ್ಧಾಶ್ರಮದ ನಲವತ್ತು ಕೋಣೆಗಳಿಗೂ ಇಟ್ಟಿದ್ದರು. ಒಂದು ಮಿಲಿಮೀಟರ್ ತಪ್ಪಿದರೆ ಅನ್ನ ಸೇರದ ಮನುಷ್ಯ!

ಅಕ್ಕ ಎದ್ದಳು, ನೀರು ಕುಡಿದಳು, ಮತ್ತೆ ಕೂತಳು. ಎತ್ತರವನ್ನು ಕೋಣೆಗಳ ನಕ್ಷೆಯಲ್ಲಿ ಬದಲಾಯಿಸುವ ಹಾಗಿರಲಿಲ್ಲ. ಲೈಬ್ರರಿಯ ಮೂಲ ಕಟ್ಟೆಯನ್ನೇ ಬಿಚ್ಚಿ ತಿದ್ದಬೇಕಿತ್ತು. ಬಿಚ್ಚಿದಳು. ಮೂವತ್ತೈದನ್ನು ನಲವತ್ತೆಂಟು ಮಾಡಿದಳು. ಇನ್ನು ಉಳಿಸುವುದು. ಹೊಸ ಹೆಸರಿನಲ್ಲಿ ಉಳಿಸಿದರೆ ಅದು ಬೇರೆಯೇ ಒಂದು ಕಟ್ಟೆಯಾಗುತ್ತದೆ, 'ಮಾಡಿದವರು' ಎಂಬ ಸಾಲಿನಲ್ಲಿ ಅವಳ ಹೆಸರು ಬಂದು ಕೂರುತ್ತದೆ. ಹಳೆಯ ಹೆಸರಿನಲ್ಲೇ ಉಳಿಸಿದರೆ ಅವರ ಹೆಸರು ಹಾಗೇ ಇರುತ್ತದೆ.

ಕೈ ತಾನಾಗಿಯೇ ಹಳೆಯ ಹೆಸರನ್ನು ಒತ್ತಿತು. ನಲವತ್ತು ಕಟ್ಟೆಗಳೂ ಒಟ್ಟಿಗೆ ಮೇಲೆದ್ದವು. ಸದ್ಯ, ಎಂದು ಅವಳು ಉಸಿರು ಬಿಡುವಷ್ಟರಲ್ಲಿ ಎದುರು ಮೇಜಿನಿಂದ ಕೂಗು ಬಂತು.

"ಅಯ್ಯಯ್ಯೋ, ಇದೇನಿದು! ನನ್ನ ಶಾಲೆ ಮಕ್ಕಳ ಕಾಲೆಲ್ಲ ಗಾಳೀಲಿ ತೂಗಾಡ್ತಿದೆ!"

ಕೂಗಿದವನು ಕನ್ನಡಕ. ಹಣೆಯ ಮೇಲೆ ಕನ್ನಡಕ ಏರಿಸಿಕೊಂಡು ಮೇಜೆಲ್ಲ ಹುಡುಕುವವನಾದ್ದರಿಂದ ಆ ಹೆಸರು. ಅವನು ಶಾಲೆಯ ಹೊಸ ಕೋಣೆಗಳ ನಕ್ಷೆ ಮಾಡುತ್ತಿದ್ದ. ಅದರಲ್ಲಿದ್ದುದೂ ಅದೇ ಲೈಬ್ರರಿಯ ಅದೇ ಕಟ್ಟೆ. ಒಂದನ್ನು ತಿದ್ದಿದರೆ ಅದು ಇದ್ದ ಕಡೆಯೆಲ್ಲ ತಿದ್ದಿದಂತೆ. ಇದನ್ನು ಹೊಸಬರಿಗೆ ಹೇಳಿಕೊಡುತ್ತಿದ್ದವಳೇ ಅಕ್ಕ.

"ನಾನೇ ಕಣೋ," ಎಂದಳು. ಮುಖ ಬಿಸಿಯಾಯಿತು.

ಕನ್ನಡಕ ಬಂದು ಅವಳ ಪರದೆ ನೋಡಿದ. ನಗು ನಿಂತಿತು. "ಹೆಸರಿಗೋಸ್ಕರನಾ ಅಕ್ಕಾ?"

ಅವಳು 'ಮಾಡಿದವರು' ಸಾಲಿನ ಮೇಲೆ ಬೆರಳಿಟ್ಟಳು.

"ಹೋದ ವಾರದ ನಕಲು ಇದೆ. ಅಣ್ಣನ ಕಟ್ಟೆ ಹೆಂಗಿತ್ತೋ ಹಂಗೇ ವಾಪಸ್ ಇಡ್ತೀನಿ. ಅದು ಮಕ್ಕಳಿಗೆ ಸರಿಯಾಗೇ ಇದೆ. ಆದ್ರೆ ಮುದುಕರದ್ದು ಬೇರೆ ಮಾಡ್ಲೇಬೇಕು. ಮೂರು ಗಂಟೆ ಆಯ್ತು."

"ಅವರು ಕೊನೆಗೆ ಮಾಡಿದ ಕೆಲಸ ಕಣೋ ಅದು. ಅದರಲ್ಲೂ ಅವರು ಇಲ್ಲ ಅಂದ್ರೆ..."

"ತಗ್ಗು ಕಟ್ಟೆಯಿಂದ ಏಳೋಕಾಗದೆ ನಲವತ್ತು ಜನ ದಿನಾ ಶಪಿಸಿದ್ರೆ, ಆ ಶಾಪ ಯಾರಿಗಕ್ಕಾ?"

ಅಕ್ಕ ಕಣ್ಣು ಮುಚ್ಚಿದಳು. ದೇವರೇ, ನಾಲ್ಕರವರೆಗೆ ಈ ಕೈ ತಪ್ಪದ ಹಾಗೆ ನೋಡಿಕೋ, ಇನ್ನೇನೂ ಬೇಡ ಎಂದುಕೊಂಡಳು. ನಲವತ್ತೆಂಟರ ಕಟ್ಟೆಗೆ ಹೊಸ ಹೆಸರು ಕೊಟ್ಟು ಉಳಿಸಿದಳು. 'ಮಾಡಿದವರು' ಸಾಲಿನ ಕಡೆ ನೋಡಲು ಹೋಗಲಿಲ್ಲ. ನಕ್ಷೆಯಲ್ಲಿ ಒಂದೊಂದೇ ಕೋಣೆಗೆ ಹೋಗಿ ಹಳೆಯದನ್ನು ತೆಗೆದು ಹೊಸದನ್ನು ಇಟ್ಟಳು. ಹನ್ನೊಂದು, ಹನ್ನೆರಡು. ನಡುವೆ ಎರಡು ಸಲ ಎದ್ದು ಕಿಟಕಿಯವರೆಗೆ ಹೋಗಿ ಬಂದಳು. ಮೂವತ್ತನೆಯ ಕೋಣೆಯಲ್ಲಿ ಕಟ್ಟೆ ತಲೆಕೆಳಗಾಗಿ ಕೂತಿತು. ಬೈದುಕೊಂಡು ಸರಿಮಾಡಿದಳು.

ನಾಲ್ಕಕ್ಕೆ ಆರು ನಿಮಿಷವಿರುವಾಗ ನಕ್ಷೆ ಹೋಯಿತು. ಕೂಡಲೇ ಫೋನು.

"ಬಂತಮ್ಮಾ. ನಲವತ್ತೆಂಟು, ಈಗ ಸರಿಹೋಯ್ತು. ಜೋಡಿಸುವಾಗ ಏನಾದ್ರೂ ಅನುಮಾನ ಬಂದ್ರೆ ಯಾರನ್ನ ಕೇಳ್ಲಿ? ಮೊದಲೆಲ್ಲ ಸಾಹೇಬರನ್ನೇ..." ಬಡಗಿ ಮಾತು ನುಂಗಿಕೊಂಡ.

"ನನ್ನನ್ನೇ ಕೇಳಪ್ಪಾ," ಎಂದಳು ಅಕ್ಕ. "ಅದು ನಾನು ಮಾಡಿದ್ದು."

ಆ ಕಡೆ ಮಿಷನ್ನು ಶುರುವಾಯಿತು. ಮೊದಲ ಹಲಗೆ ಕೊಯ್ದು ಮುಗಿಯುವವರೆಗೂ ಅವಳು ಫೋನನ್ನು ಕಿವಿಯಿಂದ ತೆಗೆಯದೆ ನಿಂತೇ ಇದ್ದಳು.