ಹೆಬ್ಬೆರಳು ಒಪ್ಪದ ನಂಬರು

ಮೂರನೆಯ ಕಾರಿನ ಮೇಲೆ ಬಾವುಟ ನಿಲ್ಲಲೇ ಇಲ್ಲ. ಚರ್ಚಿನ ಅಂಗಳದಲ್ಲಿ ಸಾಲಾಗಿ ನಿಂತ ಹಳೆಯ ಕಾರುಗಳಿಗೆ ಶವದ ಗಾಡಿಯವನು ಒಂದೊಂದಾಗಿ ಶವಯಾತ್ರೆಯ ಗುರುತಿಗೆಂದು ನೇರಳೆ ಬಣ್ಣದ ಪುಟ್ಟ ಬಾವುಟ ಅಂಟಿಸುತ್ತ ಬರುತ್ತಿದ್ದ. ಬಾವುಟದ ಬುಡಕ್ಕೆ ಅಯಸ್ಕಾಂತ. ಮೊದಲೆರಡು ಕಾರುಗಳ ಮೇಲೆ ಟಪ್ಪನೆ ಕೂತದ್ದು ಮೂರನೆಯದರ ಮೇಲೆ ಜಾರಿ ಬಿತ್ತು. ಎತ್ತಿ ಮತ್ತೆ ಇಟ್ಟ, ಮತ್ತೆ ಬಿತ್ತು.

"ಅಲ್ಲಿ ತಗಡೆಲ್ಲಿದೆಯಪ್ಪ, ಬರೀ ಪುಟ್ಟಿ ಮೆತ್ತಿದಾರೆ," ಎಂದ ಯಾರೋ. "ಪೆಟ್ಟಿಗೇಲಿ ಮಲಗಿದ್ರೂ ಮರ್ಲ್ ಬಿಡಲಿಲ್ಲ ನೋಡು, ಹಿಡಿದೇಬಿಟ್ಟ."

ಗಂಡಸರೆಲ್ಲ ನಕ್ಕರು. ಆ ಕಾರಿನ ಒಡೆಯನೂ ಕಿವಿ ಕೆಂಪಗೆ ಮಾಡಿಕೊಂಡು ನಕ್ಕ. ಲಾನಿ ಕ್ರೌಸ್ ಮಾತ್ರ ನಗಲಿಲ್ಲ. ಅವನ ಕಣ್ಣು ಸಾಲಿನ ತಲೆಯಲ್ಲಿ, ಶವದ ಗಾಡಿಯ ಬೆನ್ನಿಗೇ ನಿಂತಿದ್ದ ಕೆಂಪು ಶೆವೆಲ್ ಕಾರಿನ ಮೇಲಿತ್ತು. ಅದರ ಮೇಲೆ ಬಾವುಟ ಗಟ್ಟಿಯಾಗಿ ನಿಂತಿತ್ತು. ನಿಲ್ಲದೆ ಏನು, ಆ ಕಾರಿನ ತಗಡಿಗೆ ಯಾವ ರೋಗವೂ ಇರಲಿಲ್ಲ. ರೋಗ ಬೇರೆ ಕಡೆ ಇತ್ತು, ಅದನ್ನು ಅಂಟಿಸಿದವನು ಲಾನಿಯೇ.

ಪೆಟ್ಟಿಗೆಯಲ್ಲಿ ಮಲಗಿದ್ದ ಮರ್ಲ್ ಶುಲರ್ ನಲವತ್ತು ವರ್ಷ ಮಾಡಿದ್ದು ಒಂದೇ ಕೆಲಸ. ಮಸಲ್ ಕಾರು ಎನ್ನುವ ಭಾರಿ ಎಂಜಿನ್ನಿನ ಹಳೆಯ ಕಾರುಗಳನ್ನು ನೋಡಿ, ಮುಟ್ಟಿ, ಕೆಳಗೆ ತೆವಳಿ, ಇದು ಎಂಥ ಸ್ಥಿತಿಯಲ್ಲಿದೆ, ಎಷ್ಟಕ್ಕೆ ಬಾಳುತ್ತದೆ ಎಂದು ಕಾಗದದಲ್ಲಿ ಬರೆದುಕೊಡುವುದು. ಒಹಾಯೊದ ಆ ಮೂಲೆಯಲ್ಲಿ ಮರ್ಲ್ ಬರೆದನೆಂದರೆ ಮುಗಿಯಿತು, ಮೇಲೆ ಮಾತಿಲ್ಲ. ಅವನ ಬಗ್ಗೆ ಇವತ್ತು ಚರ್ಚಿನಲ್ಲಿ ನಾಲ್ಕು ಮಾತಾಡಬೇಕಾದವನು ಲಾನಿ. ಮರ್ಲ್‌ನ ಹೆಂಡತಿ ಆರ್ಲೀನ್ ತಾನೇ ಫೋನು ಮಾಡಿ ಹೇಳಿದ್ದಳು. ಲಾನಿ ಬರೆದುಕೊಂಡೂ ಬಂದಿದ್ದ. ಮೊದಲ ಸಾಲು, "ಮರ್ಲ್ ಒಂದು ಸಲವೂ ತಪ್ಪಿದವನಲ್ಲ." ಎರಡು ಸಲ ಹೊಡೆದುಹಾಕಿ, ಮೂರನೆಯ ಸಲ ಮತ್ತೆ ಅದನ್ನೇ ಬರೆದಿದ್ದ.

"ಲಾನಿಯವರೇ, ನಿಮ್ಮ ಹಳೇ ಹುಡುಗೀನ ಗುರುತು ಹಿಡಿದ್ರಾ?" ಶೆವೆಲ್ ಒಡೆಯ ರೋಲಂಡ್ ಬಿಗ್ಸ್ ಹತ್ತಿರ ಬಂದ. ಮೂವತ್ತು ವರ್ಷದ ಹಿಂದೆ ಲಾನಿಯಿಂದಲೇ ಕಾರು ಕೊಂಡವನು. "ಜನವರಿ ಹರಾಜಿಗೆ ಕೊಡ್ತಿದ್ದೀನಿ. ಮೊಣಕಾಲು ಮಾತು ಕೇಳಲ್ಲ, ಕ್ಲಚ್ ತುಳಿಯೋಕಾಗಲ್ಲ. ಮರ್ಲ್ ಅವರ ಕಾಗದಕ್ಕೆ ಕಟ್ಟು ಹಾಕಿಸಿ ಇಟ್ಟಿದ್ದೀನಿ ನೋಡಿ. ಅವರು 'ಅಸಲಿ ಎಂಜಿನ್' ಅಂತ ಬರೆದ ಕೊನೇ ಕಾಗದ ಅದು."

"ಕೊನೇದು ಅಂದ್ರೆ?"

"ನಿಮಗೆ ಗೊತ್ತಿಲ್ವಾ? ಹರಾಜಿನೋರು ಎಲ್ಲ ಜಾಲಾಡಿದಾರೆ. ಎಂಬತ್ತೊಂಬತ್ತರ ಅಕ್ಟೋಬರ್ ಆದ್ಮೇಲೆ ಆ ಮನುಷ್ಯ ಯಾವ ಕಾರಿಗೂ 'ಅಸಲಿ' ಅಂತ ಬರೀಲೇ ಇಲ್ಲ. 'ಕಂಡಂತೆ' ಅಂತ ಬರೆಯೋರು, ಅಷ್ಟೇ. ದೊಡ್ಡ ಗಿರಾಕಿಗಳೆಲ್ಲ ಅದಕ್ಕೇ ತಾನೆ ಬಿಟ್ಟುಹೋಗಿದ್ದು. ಆ ಒಂದು ಮಾತಿಲ್ಲದ ಕಾಗದ ತಗೊಂಡು ಯಾರೇನ್ ಮಾಡ್ತಾರೆ?"

ಮರ್ಲ್‌ನ ಕಸುಬು ಇಳಿಮುಖವಾದದ್ದು ಊರಿಗೆಲ್ಲ ಗೊತ್ತಿತ್ತು, ಯಾಕೆಂದು ಲಾನಿಗೆ ತಿಳಿದದ್ದು ಈಗ. ಆರ್ಲೀನ್ ಹತ್ತೊಂಬತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ಎತ್ತಿಳಿಸಿದಳು. "ಹೆಂಡ್ತಿ ಸಂಬಳದಲ್ಲಿ ಕೂತು ಮೀನು ಹಿಡೀತೀಯಲ್ಲೋ ಪುಣ್ಯಾತ್ಮ," ಎಂದು ಕೆರೆಯ ದಡದಲ್ಲಿ ಲಾನಿ ಎಷ್ಟು ಸಲ ರೇಗಿಸಿದ್ದನೋ. ಮರ್ಲ್ ಗಾಳದ ದಾರವನ್ನೇ ನೋಡುತ್ತ, "ಹೂಂ ಕಣೋ," ಅನ್ನುತ್ತಿದ್ದ.

* * *

ಎಂಬತ್ತೊಂಬತ್ತರಲ್ಲಿ ಈ ಕಾರುಗಳ ಬೆಲೆ ಹುಚ್ಚೆದ್ದು ಏರಿತ್ತು. ಲಾನಿಯ ಶೆವೆಲ್‌ನ ಎಂಜಿನ್ನು ಹಿಂದಿನ ಚಳಿಗಾಲದಲ್ಲಿ ಒಳಗಿನ ನೀರು ಹೆಪ್ಪುಗಟ್ಟಿ ಬಿರುಕು ಬಿಟ್ಟಿತ್ತು. ಗುಜರಿಯಿಂದ ಅದೇ ವರ್ಷದ, ಅದೇ ಅಳತೆಯ ಇನ್ನೊಂದನ್ನು ತಂದು ಕೂರಿಸಿದ. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಊರಲ್ಲಿ ಕೂತರೂ ನಿಂತರೂ ಒಂದೇ ಮಾತು, ಮರ್ಲ್ ಕಣ್ಣಿಗೆ ಮಣ್ಣೆರಚೋಕಾಗಲ್ಲ ಅಂತ. ಲೇತ್ ಮುಂದೆ ನಿಂತರೆ ಲಾನಿಯಂಥ ಕೈ ಇನ್ನೊಂದಿಲ್ಲ ಎಂದು ಮಾತ್ರ ಯಾರೂ ಅನ್ನುತ್ತಿರಲಿಲ್ಲ. ಒಂದೇ ಒಂದು ಸಲ ಮರ್ಲ್‌ನನ್ನು ಬೇಸ್ತು ಬೀಳಿಸಬೇಕು, ಸಂಜೆ ಬಿಯರ್ ಕುಡಿಯುತ್ತ ನಿಜ ಹೇಳಿ ನಗಬೇಕು. ಲಾನಿಯ ತಲೆಯಲ್ಲಿದ್ದದ್ದು ಅಷ್ಟೇ.

ಕಾರಿನ ನಂಬರಿನ ಅಂಕಿಗಳನ್ನೇ ಕಾರ್ಖಾನೆಯವರು ಎಂಜಿನ್ನಿನ ಮುಂದಿನ ಮೂಲೆಯಲ್ಲಿ, ಬೆರಳಗಲದ ಒಂದು ಪಟ್ಟಿಯ ಮೇಲೆ ಒತ್ತಿರುತ್ತಾರೆ. ಎರಡೂ ಹೊಂದಿದರೆ ಅಸಲಿ. ಲಾನಿ ಹಳೆಯ ಅಂಕಿಗಳನ್ನು ಉಜ್ಜಿ ಅಳಿಸಿದ. ತನ್ನ ಕಾರಿಗೆ ಹೊಂದುವ ಅಂಕಿಗಳನ್ನು ಒಂದೊಂದಾಗಿ ಅಚ್ಚಿಟ್ಟು ಒತ್ತಿದ. ಕಾರ್ಖಾನೆಯ ಯಂತ್ರ ಬಿಡುವಂಥ ನವಿರು ಗೆರೆಗಳನ್ನು ಎಮರಿ ಪೇಪರಿನಲ್ಲಿ ಎಳೆದ. ಮೂರು ದಿನ ಅವನಿಗೆ ಊಟದ ನೆನಪಿರಲಿಲ್ಲ.

ಮರ್ಲ್ ಬಂದ, ಎಂದಿನಂತೆ ಟಾರ್ಚು, ಕನ್ನಡಿ ಹಿಡಿದುಕೊಂಡು. ಅವನ ಹಿಂದೆಯೇ ರೋಲಂಡ್ ಕೂಡ ಬಂದ. ಕಾರಿನ ಸುದ್ದಿ ಎಲ್ಲೋ ಕೇಳಿ, ಚೆಕ್ ಪುಸ್ತಕ ಜೇಬಿನಲ್ಲಿಟ್ಟುಕೊಂಡೇ ಬಂದಿದ್ದ. ಇದನ್ನು ಲಾನಿ ಎಣಿಸಿರಲಿಲ್ಲ.

ಮರ್ಲ್ ಬಾನೆಟ್ಟಿನೊಳಗೆ ಬಗ್ಗಿ, ಆ ಪಟ್ಟಿಯ ಮೇಲೆ ಹೆಬ್ಬೆರಳಿಟ್ಟು ಕಣ್ಣು ಮುಚ್ಚಿದ. ಬೆರಳು ಸರಿಯಿತು, ನಿಂತಿತು. ಹಿಂದೆ ಬಂದು ಮತ್ತೆ ಸರಿಯಿತು, ಅದೇ ಜಾಗದಲ್ಲಿ ಮತ್ತೆ ನಿಂತಿತು.

"ಲಾನಿ, ಇದು ಮೊದಲಿಂದ ಇದ್ದದ್ದೇ ತಾನೆ?"

ರೋಲಂಡ್ ಎರಡು ಮಾರು ದೂರದಲ್ಲಿ ಬಾಯಿ ಬಿಟ್ಟುಕೊಂಡು ಕಾರು ನೋಡುತ್ತಿದ್ದ. ಈಗ ನಿಜ ಹೇಳಿದರೆ ತಮಾಷೆ ಎಂದು ಅವನು ನಂಬುತ್ತಾನೆಯೇ? ಕಳ್ಳ ಅನ್ನುತ್ತಾನೆ.

"ಹೂಂ ಕಣೋ," ಎಂದ ಲಾನಿ. "ಮೊದಲಿಂದ ಇದ್ದದ್ದೇ."

ಮರ್ಲ್ ಎಂಜಿನ್ನನ್ನು ಬಿಟ್ಟು ಅವನ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ ಪೆನ್ನು ತೆಗೆದು ಬರೆದ.

ಬಿಯರಿನ ಸಂಜೆ ಬಂತು, ಹೋಯಿತು. ನಾಳೆ ಹೇಳಿದರಾಯಿತು ಎಂದುಕೊಂಡ ಲಾನಿ. ಅಂದಿನಿಂದ ಯಾವ ಲೋಹ ಉಜ್ಜಲು ಕೂತರೂ ಆ ಹೆಬ್ಬೆರಳು ಬಂದು ತನ್ನ ಕೈಪಕ್ಕದಲ್ಲಿ ಸರಿದಂತಾಗುತ್ತಿತ್ತು, ಸರಿದು ನಿಲ್ಲುತ್ತಿತ್ತು. ಆ ನಾಳೆ ಬರಲಿಲ್ಲ. ಮರ್ಲ್ ಕೂಡ ಲಾನಿಯ ಶೆಡ್ಡಿನೊಳಗೆ ಮತ್ತೆ ಕಾಲಿಡಲಿಲ್ಲ. ಮೀನು ಹಿಡಿಯಲು ಕರೆಯಲು ಬಂದರೂ ರಸ್ತೆಯಲ್ಲೇ ನಿಂತು ಹಾರ್ನ್ ಮಾಡುತ್ತಿದ್ದ.

* * *

ಚರ್ಚಿನ ನೆಲಮಾಳಿಗೆಯಲ್ಲಿ, ಮಣ್ಣಾದ ಮೇಲಿನ ಊಟಕ್ಕೆಂದು ತಂದ ಹಂದಿಮಾಂಸದ, ಆಲೂಗಡ್ಡೆಯ ತಟ್ಟೆಗಳಿಗೆ ಹೆಂಗಸರು ಮುಚ್ಚಳ ಹಾಕುತ್ತಿದ್ದರು. ಗಂಡನ ಮಣ್ಣಿನ ದಿನವೂ ಆರ್ಲೀನ್ ಅಲ್ಲೇ ಚಮಚ ಎಣಿಸುತ್ತ ನಿಂತಿದ್ದಳು. ಲಾನಿ ಅವಳನ್ನು ಮೆಟ್ಟಿಲ ಪಕ್ಕಕ್ಕೆ ಕರೆದ. ಹೇಗೆ ಶುರು ಮಾಡುವುದೆಂದು ತಿಳಿಯದೆ ನೇರವಾಗಿ ಕೇಳಿಬಿಟ್ಟ.

"ಅವನಿಗೆ ಗೊತ್ತಿತ್ತಾ, ಆರ್ಲೀನ್?"

ಯಾವುದು ಎಂದು ಅವಳು ಕೇಳಲಿಲ್ಲ. "ಅವತ್ತು ಊಟಕ್ಕೆ ಕೂತಾಗ್ಲೇ ಹೇಳಿದ. ಹೆಬ್ಬೆರಳು ಅಲ್ಲ ಅಂತು, ಲಾನಿ ಹೌದು ಅಂದ, ನಾನು ಲಾನಿ ಮಾತು ಬರೆದೆ, ಇನ್ನು 'ಅಸಲಿ' ಅಂತ ಬರೆಯೋ ಹಕ್ಕು ನನಗಿಲ್ಲ ಅಂದ."

"ಮತ್ತೆ ನನ್ನನ್ನ ಯಾಕೆ ಕೇಳಲಿಲ್ಲ ಅವನು?"

"ಕೇಳಿದ್ನಲ್ಲ. ಕಾರಿನ ಹತ್ರಾನೇ ಕೇಳಿದ್ನಲ್ಲ." ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡಳು. "ಇನ್ನೊಂದು ಸಲ ಕೇಳಿದ್ರೆ ನೀನು ಇನ್ನೊಂದು ಸುಳ್ಳು ಹೇಳಬೇಕಾಗುತ್ತೆ ಅಂತಿದ್ದ. ಶನಿವಾರ ಗಾಳ ತಗೊಂಡು ಹೊರಡೋವಾಗ್ಲೆಲ್ಲ 'ಇವತ್ತು ಹೇಳ್ತಾನೆ ನೋಡು' ಅನ್ನೋನು. ಎಷ್ಟೋ ವರ್ಷ ಅಂದ. ಆಮೇಲೆ ಅನ್ನೋದು ಬಿಟ್ಟ."

"ನೀನಾದ್ರೂ ನನ್ನ ಕೊರಳಪಟ್ಟಿ ಹಿಡೀಬಹುದಿತ್ತು."

"ಮಾತಾಡೋಕೆ ನಿನ್ನನ್ನೇ ಯಾಕೆ ಕರೆದೆ ಅನ್ಕೊಂಡೆ?" ಎಂದು ಆರ್ಲೀನ್ ಚಮಚಗಳ ಕಡೆ ತಿರುಗಿದಳು.

* * *

ಪಾದ್ರಿಗಳು ಹೆಸರು ಕರೆದಾಗ ಲಾನಿ ಎದ್ದು ನಿಂತ. ತೆರೆದಿಟ್ಟ ಪೆಟ್ಟಿಗೆಯನ್ನು ದಾಟುವಾಗ ಬೇರೇನೂ ಕಾಣಲಿಲ್ಲ, ಎದೆಯ ಮೇಲೆ ಮಡಿಸಿಟ್ಟ ಕೈಯ ಹೆಬ್ಬೆರಳೊಂದೇ ಕಂಡಿತು. ಜೇಬಿನ ಕಾಗದವನ್ನು ಅವನು ಹೊರಗೆ ತೆಗೆಯಲಿಲ್ಲ.

"ಮರ್ಲ್ ಒಂದು ಸಲಾನೂ ತಪ್ಪಿದವನಲ್ಲ ಅಂತ ಬರ್ಕೊಂಡು ಬಂದಿದ್ದೆ," ಎಂದ. ನೀರು ಕುಡಿದ. "ಅದು ಸುಳ್ಳು. ಒಂದು ತಪ್ಪು ಮಾಡಿದ. ನನ್ನನ್ನ ನಂಬಿದ."

ಮಿಕ್ಕದ್ದನ್ನು ಐದಾರು ಮಾತಿನಲ್ಲಿ ಹೇಳಿ ಮುಗಿಸಿದ. ರೋಲಂಡ್ ಕೂತಲ್ಲಿಂದ ಅರ್ಧ ಎದ್ದವನು ಹಾಗೇ ಕೂತುಬಿಟ್ಟ. ಯಾರೋ ಕೆಮ್ಮಿದರು. ಪಿಯಾನೋ ನುಡಿಸುವವಳು ಶುರು ಮಾಡಬೇಕೋ ಬೇಡವೋ ತಿಳಿಯದೆ ಪಾದ್ರಿಗಳ ಮುಖ ನೋಡಿದಳು.

ಪೆಟ್ಟಿಗೆ ಗಾಡಿಯೇರಿದ ಮೇಲೂ ಗಾಡಿ ಹೊರಡಲಿಲ್ಲ. ಅದರ ಹಿಂದೆ ರೋಲಂಡ್ ಶೆವೆಲ್‌ನ ಬಾನೆಟ್ ಎತ್ತಿಕೊಂಡು ನಿಂತಿದ್ದ. "ತೋರ್ಸಿ," ಎಂದ.

ಲಾನಿ ಬಗ್ಗಿ ಎಣ್ಣೆ ಜಿಡ್ಡನ್ನು ಒರೆಸಿ ಟಾರ್ಚು ಬಿಟ್ಟ. "ನಾಲ್ಕನೇ ಅಂಕಿ, ಮೂರು ಅಂತ ಇದೆಯಲ್ಲ, ಅದು. ಒಂಚೂರು ಬಲಕ್ಕೆ ವಾಲಿದೆ ನೋಡಿ. ಒತ್ತುವಾಗ ಅಚ್ಚು ಜಾರಿತ್ತು."

"ಮೂವತ್ತು ವರ್ಷ ನನ್ನ ಕೈಯಾರೆ ತೊಳೆದಿದ್ದೀನಿ ಇದನ್ನ," ಎಂದ ರೋಲಂಡ್. ಬೈಯುತ್ತಾನೆಂದು ಲಾನಿ ಕಾದ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ರೋಲಂಡ್ ಪಕ್ಕಕ್ಕೆ ಸರಿದು, ತನ್ನ ಕಾರಿಗೂ ಒರಗದೆ ಬರಿಯ ಅಂಗಳದಲ್ಲಿ ನಿಂತುಕೊಂಡ.

ಉಳಿದವರು ಬಂದರು. ಕೋಟು ತೊಟ್ಟ ಗಂಡಸರು ಒಬ್ಬರ ಹಿಂದೊಬ್ಬರು ಬಂದು, ಬಾನೆಟ್ಟಿನೊಳಗೆ ಬಗ್ಗಿ ನೋಡಿ, ಮುಂದೆ ಸಾಗಿದರು. ಒಬ್ಬ ಟೋಪಿ ತೆಗೆದ. ಪಕ್ಕದಲ್ಲಿ ನಿಂತಿದ್ದ ಲಾನಿಯ ಕೈ ಯಾರೂ ಕುಲುಕಲಿಲ್ಲ.

ಕೊನೆಗೆ ಆರ್ಲೀನ್ ಬಂದಳು. ಕೈಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡಳು. ಆ ಕಾರಿನ ಹತ್ತಿರ ಅವಳು ಬಂದದ್ದು ಅದೇ ಮೊದಲು.

"ಯಾವುದು?"

ಲಾನಿ ತೋರಿಸಿದ. ಅಕ್ಕಿಕಾಳಿಗಿಂತ ಅಷ್ಟೇನೂ ದೊಡ್ಡದಲ್ಲದ ಒಂದು ಅಂಕಿ. ಅವಳು ಬಹಳ ಹೊತ್ತು ನೋಡಿದಳು.

"ಇಷ್ಟೇನಾ?" ಎಂದಳು.

ಅವಳು ತೋರುಬೆರಳು ಚಾಚಿ ಆ ಅಂಕಿಯನ್ನು ಮುಟ್ಟಿದಳು, ಒತ್ತಿದಳು, ತೆಗೆದಳು. ಗಾಡಿಯವನು ಅವಳಿಗೆಂದು ತಂದಿದ್ದ ಕಾರಿನ ಬಾಗಿಲು ತೆರೆದು ಹಿಡಿದು ಕರವಸ್ತ್ರ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ. ಮಸಿ ಹತ್ತಿದ ಬೆರಳನ್ನು ಕರಿಯ ಕೋಟಿನಿಂದ ದೂರ ಹಿಡಿದುಕೊಂಡೇ, ಇನ್ನೊಂದು ಕೈಯಲ್ಲಿ ಅದರ ಅಂಚು ಎತ್ತಿಕೊಂಡು, ಗಂಡನ ಹಿಂದೆ ಹೊರಡಲು ಕಾರು ಹತ್ತಿದಳು.